ನಾಲ್ಕು ಗೆರೆಯ ಪ್ರಾರ್ಥನೆ

ಜೂನ್ 8, 1998, ಸೋಮವಾರ

ಗಂಟಲಿನ ಗೆಡ್ಡೆ ತೆಗೆಸಿಕೊಂಡು ಮಂಗಳೂರಿನಿಂದ ಬಣಕಲ್ಲಿಗೆ ಬಂದು ಇವತ್ತಿಗೆ ಹನ್ನೊಂದು ದಿನ. ಇನ್ನು ಆರು ವಾರ ಮಾತಾಡಕೂಡದು, ಪಿಸುಗುಟ್ಟಲೂ ಕೂಡದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದಾರೆ. ಮನೆಯ ವ್ಯವಹಾರಕ್ಕೆ ಒಂದು ಸ್ಲೇಟು ಇದೆ. ಈ ಪುಸ್ತಕ ನನಗೊಬ್ಬಳಿಗೆ. ಐವತ್ತೊಂದು ವರ್ಷದಲ್ಲಿ ದಿನಚರಿ ಬರೆದವಳಲ್ಲ ನಾನು. ಅನಿಸಿದ್ದನ್ನು ಅನಿಸಿದ ಗಳಿಗೆಯಲ್ಲೇ ಎದುರಿಗಿದ್ದವರ ಮುಖಕ್ಕೆ ಹೇಳಿಬಿಡುತ್ತಿದ್ದೆ, ಬರೆಯಲು ಏನೂ ಉಳಿಯುತ್ತಿರಲಿಲ್ಲ.

ನಮ್ಮ ಯಜಮಾನರು ಚಂದ್ರಶೇಖರಪ್ಪನವರಿಗೆ ನಾನು ಮೂಕಿಯಾದದ್ದು ಕಿವುಡಿಯಾದ ಹಾಗೆ ಕಾಣುತ್ತಿದೆ. "ಗಂಜಿ ಇನ್ನೊಂಚೂರು ಹಾಕ್ಲಾ ಮಾರಾಯ್ತೀ?" ಎಂದು ಆಚೆ ತೋಟಕ್ಕೆ ಕೇಳುವ ಹಾಗೆ ಕೂಗುತ್ತಾರೆ. "ನನಗೆ ಕಿವಿ ಕೇಳುತ್ತದೆ" ಎಂದು ಸ್ಲೇಟಿನಲ್ಲಿ ಬರೆದು ತೋರಿಸಿದೆ. ಅದನ್ನೂ ಗಟ್ಟಿಯಾಗಿ ಓದಿದರು.

ಡಾಕ್ಟರು ಹೊರಡುವಾಗ ಹೇಳಿದ್ದು ಇನ್ನೊಂದಿದೆ. "ದನಿ ಬರ್ತದೆ ಅಮ್ಮ. ಹಳೇ ದನಿಯೇ ಬರ್ತದೆ ಅಂತ ಮಾತ್ರ ನಾನು ಹೇಳ್ಲಿಕ್ಕಾಗೋದಿಲ್ಲ." ಕಳಸದ ದೇವಸ್ಥಾನದಲ್ಲಿ ಮೈಕಿಲ್ಲದೆ ಎರಡು ಗಂಟೆ ಹಾಡಿದವಳು ನಾನು. ಇಪ್ಪತ್ತೆರಡು ವರ್ಷದಿಂದ ಇಲ್ಲಿನ ಕಾನ್ವೆಂಟ್ ಶಾಲೆಗೆ ಸಂಗೀತದ ಟೀಚರ್. ಹಳೆಯ ದನಿ ಬರದಿದ್ದರೆ ನಾನು ಯಾರು ಎಂದು ಡಾಕ್ಟರನ್ನು ಕೇಳಬೇಕಿತ್ತು. ಕೇಳಲು ಬಾಯಿ ಇರಲಿಲ್ಲ.

ಜೂನ್ 17, ಬುಧವಾರ

ನಮ್ಮ ಹೆಡ್ಮಿಸ್ಟ್ರೆಸ್ ಸಿಸ್ಟರ್ ಫ್ಲೋರಿನ್ ಬಂದಿದ್ದರು, ಕೈಯಲ್ಲಿ ಹಾರ್ಲಿಕ್ಸ್ ಬಾಟಲಿ. ಬರುವ ಡಿಸೆಂಬರ್ ಹನ್ನೆರಡಕ್ಕೆ ಶಾಲೆಯ ಐವತ್ತನೇ ವರ್ಷದ ಜೂಬಿಲಿ. ಮಂಗಳೂರಿನ ಕಡೆಯಿಂದ ದೊಡ್ಡ ಪಾದ್ರಿಗಳು, ಮ್ಯಾನೇಜ್‌ಮೆಂಟಿನವರು ಎಲ್ಲ ಬರುತ್ತಾರೆ. ಅಲ್ಲಿ ನಮ್ಮ ಶಾಲೆಯ ಪ್ರಾರ್ಥನೆಯನ್ನು ನಾಲ್ಕು ದನಿಯಲ್ಲಿ ಹಾಡಿಸಬೇಕಂತೆ, ಇಗರ್ಜಿಯ ಹಾಡಿನ ಹಾಗೆ. ಆ ಪ್ರಾರ್ಥನೆಗೆ ಶಂಕರಾಭರಣದಲ್ಲಿ ರಾಗ ಹಾಕಿದವಳು ನಾನೇ, ಕೆಲಸಕ್ಕೆ ಸೇರಿದ ವರ್ಷ.

"ನೀವು ಹಾಡೋದು ಬೇಡ ವಿಮಲಾ ಟೀಚರ್. ಬರೀರಿ, ಕಲಿಸಿ" ಎಂದರು. ಆಮೇಲೆ ಕಿಟಕಿಯ ಕಡೆ ನೋಡುತ್ತ, "ಚಿಕ್ಕಮಗಳೂರಿಂದ ಮೇಘಶ್ರೀ ಅಂತ ಒಬ್ರು ಅರ್ಜಿ ಹಾಕಿದಾರೆ. ಕೀಬೋರ್ಡ್ ಬರುತ್ತೆ, ಹಾಡ್ತಾರೆ. ಹಾಡೋಕಾಗದ ಸಂಗೀತದ ಟೀಚರ್ ಯಾಕೆ ಅಂತ ಜೂಬಿಲಿ ಮುಗಿದ ಮೇಲೆ ಮ್ಯಾನೇಜ್‌ಮೆಂಟಿನವರು ನನ್ನ ಕೇಳ್ತಾರೆ. ನನ್ನ ಹತ್ರ ಒಂದು ಉತ್ತರ ಇರ್ಬೇಕಲ್ವಾ?" ಎಂದರು.

ನೇರ ಮಾತು. ನಾನಾಗಿದ್ದರೂ ಹಾಗೆಯೇ ಹೇಳುತ್ತಿದ್ದೆ, ಬಹುಶಃ ಹಾರ್ಲಿಕ್ಸ್ ಇಲ್ಲದೆ.

ಜೂನ್ 24, ಬುಧವಾರ

ನಾಲ್ಕು ದನಿ ಬರೆಯುವುದು ನನಗೆ ಬಾರದು, ಕಲಿಸುವವರು ಸಿಕ್ಕಿದ್ದಾರೆ. ಕೊಟ್ಟಿಗೆಹಾರದ ಬೆನೆಡಿಕ್ಟ್ ಲೋಬೊ, ಎಪ್ಪತ್ತೆಂಟು ವರ್ಷ. ಬಾಳೂರಿನ ಎಸ್ಟೇಟಿನಲ್ಲಿ ನಲವತ್ತು ವರ್ಷ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮೆಷಿನ್ನಿನ ಫಿಟ್ಟರ್ ಆಗಿದ್ದವರು. ಭಾನುವಾರಗಳಲ್ಲಿ ಇಗರ್ಜಿಯಲ್ಲಿ ಹಾರ್ಮೋನಿಯಂ ನುಡಿಸುತ್ತ ಹುಡುಗರಿಗೆ ನಾಲ್ಕು ದನಿ ಕಟ್ಟಿಕೊಡುತ್ತಿದ್ದರಂತೆ. ಆ ಮೆಷಿನ್ನಿನ ಸದ್ದಿಗೆ ಈಗ ಎರಡು ಕಿವಿಯೂ ಹೋಗಿವೆ.

ಕಿವಿ ಕೇಳದ ಮೇಷ್ಟ್ರು, ಮಾತು ಬಾರದ ಶಿಷ್ಯೆ. ಯಜಮಾನರು ಜೀಪಿನಲ್ಲಿ ಬಿಟ್ಟು ಹೋಗುವಾಗ ನಗು ತಡೆಯಲಾಗದೆ ಆಚೆ ತಿರುಗಿಕೊಂಡರು. ಆದರೆ ನಮ್ಮಿಬ್ಬರಿಗೆ ಏನೂ ತೊಂದರೆಯಾಗಲಿಲ್ಲ. ಅವರು ಹೇಳುತ್ತಾರೆ, ನಾನು ಸ್ಲೇಟಿನಲ್ಲಿ ಕೇಳುತ್ತೇನೆ. ಸ್ವರಗಳನ್ನು ಬರೆದು ಕೊಟ್ಟರೆ ಬೆರಳಿಟ್ಟು ಓದಿ ತಲೆಯೊಳಗೇ ಕೇಳಿಸಿಕೊಳ್ಳುತ್ತಾರೆ. ಇಂಗ್ಲಿಷ್ ನೋಟೇಶನ್ ನನಗೆ ಬಾರದು, ಸರಿಗಮ ಅವರಿಗೆ ಹೊಸದು. ಮಕ್ಕಳು ಇಂಗ್ಲಿಷ್ ಅಕ್ಷರ ತಿದ್ದುವ ನಾಲ್ಕು ಗೆರೆಯ ಪುಸ್ತಕ ತಂದು, ಒಂದೊಂದು ಗೆರೆಗೆ ಒಂದೊಂದು ದನಿ ಎಂದು ಗೊತ್ತುಮಾಡಿಕೊಂಡೆವು. ಮೇಲಿನದು ಸೊಪ್ರಾನೊ, ಹೆಣ್ಣು ಮಕ್ಕಳ ಎತ್ತರದ ದನಿ. ನನ್ನ ರಾಗ ಅಲ್ಲಿರುತ್ತದೆ. ಅದರ ಕೆಳಗೆ ಆಲ್ಟೊ, ಹೆಂಗಸರ ತಗ್ಗಿನ ದನಿ. ಆಮೇಲೆ ಟೆನರ್, ಗಂಡಸರ ಎತ್ತರದ ದನಿ. ಅಡಿಗೆ ಬೇಸ್, ಗಂಡಸರ ಭಾರದ ದನಿ.

"ಒಬ್ಬೊಬ್ರಿಗೆ ಒಂದು ಬೇಲಿ ಉಂಟು ಟೀಚರೇ" ಎಂದು ಪ್ರತಿ ಗೆರೆಯ ಪಕ್ಕದಲ್ಲಿ ಕೆಳಗಿನ ಸ್ವರ, ಮೇಲಿನ ಸ್ವರ ಬರೆಸಿದರು. "ಬೇಲಿ ದಾಟಿ ಬರೆದ್ರೆ ತಪ್ಪು ಹಾಡುವವರದ್ದಲ್ಲ. ಬರೆದವರದ್ದು."

ಆಯಿತು ಎಂದು ತಲೆಯಾಡಿಸಿದೆ. ಮನಸ್ಸಿನಲ್ಲಿ, ಶಂಕರಾಭರಣಕ್ಕೆ ಕೋಟು ಬೂಟು ತೊಡಿಸುತ್ತಿದ್ದೇನೆ ಎಂದುಕೊಂಡೆ.

ಜುಲೈ 4, ಶನಿವಾರ

ಇವತ್ತು ಲೋಬೊ ಮಾಸ್ಟ್ರ ಮೇಲೆ ಕೆಂಡದಂಥ ಕೋಪ ಬಂದಿದೆ.

ಹತ್ತು ದಿನ ಕೂತು ಪ್ರಾರ್ಥನೆಯ ಮೊದಲ ಎರಡು ಸಾಲಿಗೆ ನಾಲ್ಕು ದನಿ ಬರೆದಿದ್ದೆ. ರಾಗ ಮೇಲೆ ಹೋದಲ್ಲೆಲ್ಲ ಅದರ ಐದನೇ ಸ್ವರದಲ್ಲಿ ಬೇಸು ಕೆಳಗೆ ಜೊತೆಗೆ ನಡೆಯುತ್ತದೆ, ಸ ಮತ್ತು ಪ ಇರುವ ಹಾಗೆ. ಟೆನರನ್ನು ರಾಗದ ಜೊತೆಗೇ ಕೆಳಗಿನ ಸ್ಥಾಯಿಯಲ್ಲಿ ನಡೆಸಿದ್ದೆ. ನನ್ನ ಕಿವಿಗೆ ಇದಕ್ಕಿಂತ ಶುದ್ಧವಾದದ್ದು ಬೇರೆ ಇಲ್ಲ. ಚಿಕ್ಕಂದಿನಿಂದ ತಂಬೂರಿಯ ಸ-ಪ ಕೇಳುತ್ತ ಬೆಳೆದವರು ಯಾರಾದರೂ ಹೀಗೆಯೇ ಬರೆಯುತ್ತಾರೆ. ಮಾಸ್ಟ್ರು ಕೆಂಪು ಪೆನ್ಸಿಲ್ ತೆಗೆದುಕೊಂಡು ಒಂದೊಂದಾಗಿ ಸುತ್ತು ಹಾಕಿದರು. ಹದಿನೇಳು ಸುತ್ತು. ಪುಟಕ್ಕೆ ದಡಾರ ಎದ್ದ ಹಾಗಿತ್ತು.

"ಇದು ಆಗ್ಲಿಕ್ಕಿಲ್ಲ. ಐದರ ಹಿಂದೆ ಐದು, ಎಂಟರ ಹಿಂದೆ ಎಂಟು, ಇಬ್ರು ಒಟ್ಟಿಗೆ ಹಾಗೆ ನಡೀಲಿಕ್ಕಿಲ್ಲ" ಎಂದರು.

ನಾನು ಸ್ಲೇಟು ಪುಡಿಯಾಗುವಂತೆ "ತಂಬೂರಿ!" ಎಂದು ಬರೆದೆ.

"ತಂಬೂರಿ ಕೂತಲ್ಲೇ ಕೂತಿರ್ತದೆ ಟೀಚರೇ. ಇದು ನಡೀತದೆ. ನಾಲ್ಕು ಜನರನ್ನು ಹಣ್ಣು ಕುಯ್ಲಿಕ್ಕೆ ಕಳಿಸಿದ್ರೆ ಒಬ್ಬೊಬ್ರಿಗೆ ಒಂದು ಸಾಲು ಕೊಡ್ತೀರಲ್ವಾ? ಇಬ್ರು ಒಂದೇ ಗಿಡಕ್ಕೆ ಕೈ ಹಾಕಿ ಮುಂದೆ ಹೋದ್ರೆ ಎಂತ ಆಗ್ತದೆ? ನೋಡ್ಲಿಕ್ಕೆ ನಾಲ್ಕು ಜನ, ಕೆಲಸ ಮೂರು ಜನರದ್ದು. ಒಬ್ಬಳು ಇದ್ದೂ ಇಲ್ಲ." ಆಮೇಲೆ ಬೆರಳಲ್ಲಿ ತೋರಿಸಿದರು. ರಾಗ ಮೇಲೆ ಹೋದರೆ ಬೇಸು ಕೆಳಗಿಳಿಯಲಿ. ನಾಲ್ವರೂ ಒಟ್ಟಿಗೆ ಹಾಡುವ ಸ್ವರಗಳದ್ದು ಒಂದು ಗುಂಪು, ಒಂದರ ಹಿಂದೊಂದು ಬರುವ ಎರಡು ಗುಂಪಿನಲ್ಲೂ ಒಂದೇ ಸ್ವರ ಇದ್ದರೆ ಅದನ್ನು ಹಾಡುವವರು ಕದಲದೆ ಅಲ್ಲೇ ಇರಲಿ. ಉಳಿದವರು ತೀರ ಹತ್ತಿರದ ಸ್ವರಕ್ಕೆ ಹೋಗಲಿ, ಹಾರುವುದು ಬೇಡ.

"ಹಾಗಾದರೆ ರಾಗ ಎಲ್ಲಿ ಕೇಳುತ್ತದೆ?" ಎಂದು ಬರೆದೆ.

"ರಾಗಕ್ಕೆ ಎಂತ ಧಾಡಿ? ಅದು ಹೇಗೂ ಕೇಳ್ತದೆ. ನಡುವಿನ ಇಬ್ರನ್ನ ನೋಡ್ಕೊಳ್ಳಿ."

ಮನೆಗೆ ಬಂದು ಊಟ ಮಾಡಲಿಲ್ಲ.

ಜುಲೈ 9

ಹದಿನೇಳರಲ್ಲಿ ಹದಿನಾಲ್ಕು ಸರಿಯಾದವು.

ಜುಲೈ 20, ಸೋಮವಾರ

ಆರು ವಾರ ಮುಗಿಯಿತು. ಬೆಳಿಗ್ಗೆ ಸ್ನಾನ ಮಾಡಿ, ದೇವರ ಮುಂದೆ ಕೂತು ನನ್ನ ಶ್ರುತಿಗೆ, ಐದೂವರೆ ಮನೆಗೆ, ಸ ಹಿಡಿಯಲು ಹೋದೆ. ಹಾರ್ಮೋನಿಯಂನ ಕೀಲಿಗಳನ್ನು ನಾವು ಮನೆ ಎಂದು ಎಣಿಸುತ್ತೇವೆ. ಐದೂವರೆಯದು ಒಂದು ಕಪ್ಪು ಕೀಲಿ. ನನ್ನ ಕೈ ಇಪ್ಪತ್ತೆರಡು ವರ್ಷದಿಂದ ಶಾಲೆಯಲ್ಲೂ ಮನೆಯಲ್ಲೂ ನೋಡದೆಯೇ ಅಲ್ಲಿಗೆ ಹೋಗುತ್ತದೆ.

ಬಂದದ್ದು ದನಿಯಲ್ಲ. ತುಕ್ಕು ಹಿಡಿದ ಬಾಗಿಲು ತೆರೆದ ಸದ್ದು. ಮೇಲಿನ ಪಂಚಮವಿರಲಿ, ನಡುವಿನ ಪಂಚಮಕ್ಕೇ ಗಂಟಲು ಕಟ್ಟಿ ನಿಂತಿತು. ಯಜಮಾನರು ಬಾಗಿಲ ಹತ್ತಿರ ಬಂದು ನಿಂತಿದ್ದರು. ಈ ಸಲ ಅವರು ಕೂಗಲಿಲ್ಲ. "ಕಾಫಿ ತರ್ಲಾ?" ಎಂದು ಮೆಲ್ಲಗೆ ಕೇಳಿದರು.

ಅತ್ತುಬಿಟ್ಟೆ. ಅವರ ಎದುರಿಗೇ ಅತ್ತೆ.

ಜುಲೈ 23

ಏನೂ ಇಲ್ಲ.

ಆಗಸ್ಟ್ 12, ಬುಧವಾರ

ಶಾಲೆಗೆ ಹೋಗಲು ಶುರು ಮಾಡಿ ವಾರವಾಯಿತು. ಮಾತು ಬರುತ್ತದೆ, ಗಂಡಸರ ಹಾಗೆ ಒಡಕು. ಮಕ್ಕಳು ಮೊದಲ ದಿನ ಒಬ್ಬರನ್ನೊಬ್ಬರು ನೋಡಿಕೊಂಡರು. ಎರಡನೇ ದಿನಕ್ಕೆ ಅಭ್ಯಾಸವಾಯಿತು. ಮಕ್ಕಳಿಗೆ ಯಾವುದೂ ಹೆಚ್ಚು ದಿನ ವಿಚಿತ್ರವಲ್ಲ.

ನಾಲ್ಕು ಗುಂಪು ಮಾಡಿದ್ದೇನೆ. ಸೊಪ್ರಾನೊಗೆ ನನ್ನ ಮುಂದಿನ ಸಾಲಿನ ಹುಡುಗಿಯರಿದ್ದಾರೆ, ಅರಗಿಣಿಗಳು. ಟೆನರಿಗೆ ಹತ್ತನೇ ಕ್ಲಾಸಿನ ಗಂಡು ಹುಡುಗರು, ದನಿ ಈಗಷ್ಟೇ ಒಡೆದವರು. ಬೇಸ್ ದನಿಗೆ ಡ್ರಿಲ್ ಮಾಸ್ಟರ್ ಓಂಕಾರಮೂರ್ತಿಯವರೂ ಇನ್ನಿಬ್ಬರು ಟೀಚರುಗಳೂ ಒಪ್ಪಿದ್ದಾರೆ. ಆಲ್ಟೊಗೇ ಜನವಿಲ್ಲ. ಮುಂದಿನ ಸಾಲಿನ ಹುಡುಗಿಯರನ್ನು ಕೆಳಗಿನ ಸ್ವರಕ್ಕೆ ಇಳಿಸಿದರೆ ದನಿ ಗಾಳಿಯಾಗುತ್ತದೆ. ಇಷ್ಟು ವರ್ಷ ಎತ್ತರಕ್ಕೆ ಹಾಡುವವರನ್ನೇ ಹುಡುಕಿ ಹುಡುಕಿ ಆರಿಸಿದೆನಲ್ಲ.

ಸಂಜೆ ಎಲ್ಲರೂ ಹೋದ ಮೇಲೆ ಕ್ಲಾಸಿನಲ್ಲಿ ಕೂತು ಆಲ್ಟೊ ಗೆರೆಯನ್ನು ತಿದ್ದುತ್ತಿದ್ದೆ. ಹೊರಗೆ ವರಾಂಡ ಒರೆಸುವ ಆಯಾ ಏನನ್ನೋ ಗುನುಗುತ್ತಿದ್ದಳು. ತಗ್ಗಿನ ದನಿ, ತುಂಬಿದ ದನಿ, ಒಂದಿಷ್ಟೂ ಅಲುಗಾಟವಿಲ್ಲ. ನಾನು ಎದ್ದು ಬಾಗಿಲಿಗೆ ಬರುವಷ್ಟರಲ್ಲಿ ನಿಲ್ಲಿಸಿಬಿಟ್ಟಳು.

ಸೆಪ್ಟೆಂಬರ್ 3, ಗುರುವಾರ

ಇದನ್ನು ಬರೆಯುವುದು ಕಷ್ಟ. ಆದರೂ ಬರೆಯುತ್ತೇನೆ.

ಇವತ್ತು ಆಯಾಳನ್ನು ಕರೆದು, ಜೂಬಿಲಿ ಹಾಡಿಗೆ ನನಗೆ ನಿನ್ನ ದನಿ ಬೇಕು, ಸಿಸ್ಟರ್ ಹತ್ತಿರ ನಾನು ಮಾತಾಡುತ್ತೇನೆ ಎಂದೆ. ದೊಡ್ಡ ಉಪಕಾರ ಮಾಡುವವಳ ಹಾಗೆಯೇ ಹೇಳಿರಬೇಕು.

"ಬೇಡ ಮೇಡಂ" ಎಂದಳು.

"ಯಾಕೆ? ಇಷ್ಟು ಚೆನ್ನಾಗಿದೆ ಗಂಟಲು."

ಒರೆಸುವ ಬಟ್ಟೆಯನ್ನು ಬಕೆಟ್ಟಿನಲ್ಲಿ ಹಿಂಡಿದಳು, ನಿಧಾನಕ್ಕೆ. "ನಿಮಗೆ ನನ್ನ ಗುರ್ತು ಸಿಗ್ಲಿಲ್ಲ ಅಲ್ವಾ ಮೇಡಂ? ನಾನು ಬಾಳೂರು ಎಸ್ಟೇಟ್ ಕೂಲಿ ಲೈನಿನ ತಂಗಮ್ಮನ ಮಗಳು, ಪವಿತ್ರಾ. ಇಲ್ಲೇ ಓದಿದ್ದು, ಏಳನೇ ಕ್ಲಾಸಿನ ತನ್ಕ. ಆರನೇ ಕ್ಲಾಸಲ್ಲಿ ನೀವು ನಂಗೆ, ನಿಂದು ಗಂಡ್ಸಿನ ಗಂಟ್ಲು, ಹಿಂದಿನ ಸಾಲಲ್ಲಿ ನಿಂತು ಬರೀ ಬಾಯಿ ಆಡ್ಸು ಸಾಕು ಅಂದ್ರಿ. ಎಲ್ರೂ ನಗಾಡಿದ್ರು. ಅವತ್ತಿಂದ ಯಾರ ಎದ್ರೂ ಬಾಯಿ ಬಿಟ್ಟಿಲ್ಲ. ಮಗಳನ್ನ ಮಲಗ್ಸುವಾಗ್ಲೂ ಬಾಯಿ ಮುಚ್ಕೊಂಡೇ ಗುನುಗೋದು."

ಕೋಪವಿರಲಿಲ್ಲ ಆ ಮಾತಿನಲ್ಲಿ. ಬಕೆಟ್ಟು ಎತ್ತಿಕೊಂಡು ಹೋದಳು.

ನನಗೆ ಅದು ನೆನಪೇ ಇಲ್ಲ. ಅವಳು ಹೇಳಿದ್ದು ಸುಳ್ಳೆಂದಲ್ಲ, ಆ ಮಾತನ್ನು ಪ್ರತಿ ವರ್ಷ ಯಾರಿಗಾದರೂ ಹೇಳುತ್ತಿದ್ದೆನಲ್ಲ, ಅದಕ್ಕೆ. ಹೊಸ ಕ್ಲಾಸು ಬಂದ ಕೂಡಲೇ ಮೇಲಿನ ಪಂಚಮ ಹಾಡಿಸುತ್ತಿದ್ದೆ. ಮುಟ್ಟಿದವರು ಮುಂದೆ, ಮುಟ್ಟದವರು ಅಪಸ್ವರದವರು, ಹಿಂದೆ. ಬಾಯಿ ಆಡಿಸಿ, ಸದ್ದು ಬೇಡ. ಕ್ಲಾಸಿಗೆ ಐದಾರು ಮಕ್ಕಳು, ಇಪ್ಪತ್ತೆರಡು ವರ್ಷ. ಎಷ್ಟಾಯಿತು ಎಂದು ಎಣಿಸಲು ಹೋಗಿ ನಿಲ್ಲಿಸಿದೆ.

ಸೆಪ್ಟೆಂಬರ್ 5, ಶನಿವಾರ

ಶಿಕ್ಷಕರ ದಿನವಂತೆ. ಮಕ್ಕಳು ಗುಲಾಬಿ ಕೊಟ್ಟರು. ಮುಳ್ಳು ಸವರಿದ್ದರು.

ಸೆಪ್ಟೆಂಬರ್ 8, ಮಂಗಳವಾರ

ಹಿಂದಿನ ಸಾಲಿನ ಹದಿನಾಲ್ಕು ಮಕ್ಕಳನ್ನು ಒಬ್ಬೊಬ್ಬರಾಗಿ ಹಾರ್ಮೋನಿಯಂ ಹತ್ತಿರ ಕರೆದೆ. ಮೊದಲು ಹೆದರಿದರು, ಬೈಯಲು ಕರೆದೆನೆಂದು. "ನಿಮಗೆ ಸುಲಭವಾದ ಕಡೆ ಆ ಅನ್ನಿ" ಎಂದೆ. ಅವರು ಅಂದ ಕಡೆಗೆ ನಾನು ಕೀಲಿ ಹುಡುಕಿದೆ. ಮೂರು ಮನೆ, ನಾಲ್ಕು ಮನೆ, ನಾಲ್ಕೂವರೆ. ಅಲ್ಲಿ ಸ ಇಟ್ಟುಕೊಂಡು ಪ್ರಾರ್ಥನೆಯ ಮೊದಲ ಸಾಲು ಹಾಡಿಸಿದೆ.

ಹದಿನಾಲ್ಕರಲ್ಲಿ ಹನ್ನೊಂದು ಮಕ್ಕಳು ಒಂದು ಸ್ವರವೂ ತಪ್ಪದೆ ಹಾಡಿದರು.

ಅವರು ಯಾವತ್ತೂ ಅಪಸ್ವರದವರಾಗಿರಲಿಲ್ಲ. ನನ್ನ ಗಂಟಲಿಗೆ ಐದೂವರೆ ಮನೆ ಚೆನ್ನ ಎಂದು ಇಡೀ ಶಾಲೆಯನ್ನು ಐದೂವರೆ ಮನೆಯಲ್ಲಿ ಹಾಡಿಸಿದೆ. ಅಷ್ಟು ಎತ್ತರ ಏರಲಾರದವರನ್ನು ಹಾಡಲು ಬಾರದವರು ಎಂದೆ. ಬೇಲಿ ಹಾಕಿದವಳು ನಾನು, ದಾಟಲಾಗದವರ ಬಾಯಿ ಮುಚ್ಚಿಸಿದವಳೂ ನಾನು. ನಾಚಿಕೆಯಾಗುತ್ತಿದೆ. ಬೇರೆ ಯಾವ ಮಾತೂ ತೋಚುತ್ತಿಲ್ಲ.

ಯಜಮಾನರಿಗೆ ಹೇಳಿದೆ. ಮೆಣಸಿನ ಬಳ್ಳಿಗೆ ಔಷಧಿ ಬೆರೆಸುತ್ತಿದ್ದವರು ಕೋಲು ಕೆಳಗಿಟ್ಟು, "ನಾನೂ ನಿನ್ನೆದ್ರು ಹಾಡಿಲ್ಲ ಮಾರಾಯ್ತಿ, ಮದುವೆ ಆದಾಗಿಂದ" ಎಂದರು. ತಮಾಷೆಗೆ ಹೇಳಿದರೋ ನಿಜಕ್ಕೂ ಹೇಳಿದರೋ ತಿಳಿಯಲಿಲ್ಲ. ಕೇಳಲು ಧೈರ್ಯ ಸಾಲಲಿಲ್ಲ.

ಸೆಪ್ಟೆಂಬರ್ 19, ಶನಿವಾರ

ಇಡೀ ಹಾಡನ್ನು ನಾಲ್ಕು ಮನೆಗೆ ಇಳಿಸಿ ಹೊಸದಾಗಿ ಬರೆದೆ. ರಾಗದ ತುದಿಯಲ್ಲಿ ಮೇಲಿನ ಪಂಚಮಕ್ಕೆ ಹಾರುವ ಒಂದು ಜಾಗವಿತ್ತು. ನನ್ನ ದನಿ ತೋರಿಸಲು ಇಟ್ಟಿದ್ದ ಜಾಗ. ಅದನ್ನು ತೆಗೆದೆ. ಆಲ್ಟೊ ಗೆರೆಯನ್ನು ವರಾಂಡದಲ್ಲಿ ಕೇಳಿದ ದನಿಗೆ ಬರೆದೆ, ಅವಳು ಬರಲಿ ಬಿಡಲಿ.

ಲೋಬೊ ಮಾಸ್ಟ್ರು ಬಹಳ ಹೊತ್ತು ಓದಿದರು. ಕೆಂಪು ಪೆನ್ಸಿಲ್ ಕೈಯಲ್ಲೇ ಇತ್ತು, ಇಳಿಯಲಿಲ್ಲ. ಟೆನರ್ ಒಂದು ಕಡೆ ಆಲ್ಟೊದ ಮೇಲೆ ಹತ್ತಿದೆ ಎಂದು ತೋರಿಸಿದರು, ಅಷ್ಟೇ. "ಯಾರೋ ಒಬ್ರ ದನಿ ನಿಮಗೆ ಸಿಕ್ಕಿದೆ ಟೀಚರೇ" ಎಂದರು. ಹೇಗೆ ಗೊತ್ತಾಯಿತು ಎಂದು ಸ್ಲೇಟಿನಲ್ಲಿ ಕೇಳಿದೆ. "ಇಷ್ಟು ದಿನ ಈ ಗೆರೆ ಬರೀ ತುಂಬಿಸಿದ್ದು. ಇವತ್ತು ಬರೆದದ್ದು" ಎಂದರು.

ಅಕ್ಟೋಬರ್ 7, ಬುಧವಾರ

ಆಲ್ಟೊ ಸಾಲಿನಲ್ಲಿ ಈಗ ಹಿಂದಿನ ಸಾಲಿನ ಏಳು ಹುಡುಗಿಯರಿದ್ದಾರೆ. ಸ್ವರ ಗೊತ್ತು, ಆದರೆ ಪಕ್ಕದಲ್ಲಿ ಸೊಪ್ರಾನೊ ಶುರುವಾದ ಕೂಡಲೇ ರಾಗದ ಹಿಂದೆ ಓಡುತ್ತಾರೆ. ಇಷ್ಟು ವರ್ಷ ಬಾಯಿ ಆಡಿಸಿದ್ದು ಆ ರಾಗಕ್ಕೇ ತಾನೆ. ಗಾಂಧಾರವನ್ನು ಅಲುಗಿಸಬೇಡಿ, ನೆಟ್ಟಗೆ ಹಿಡಿಯಿರಿ ಎಂದು ಮುಂದಿನ ಸಾಲಿನವರಿಗೂ ಹೇಳಬೇಕು. ಗಮಕ ಕಲಿಸಿದವಳೇ ಗಮಕ ಬಿಡಿಸಬೇಕು. ಒಬ್ಬರು ಅಲುಗಿದರೆ ನಾಲ್ಕೂ ದನಿ ಕಲಸಿಹೋಗುತ್ತವೆ.

ನಾಲ್ಕನೇ ಸಾರಿ ಆಲ್ಟೊದವರು ದಾರಿ ತಪ್ಪಿದಾಗ ಬಾಗಿಲ ಹೊರಗಿನಿಂದ ಆ ಗೆರೆ ಕೇಳಿಸಿತು. ಒರೆಸುತ್ತಲೇ ಇದ್ದಳು, ತಲೆಯೆತ್ತಿರಲಿಲ್ಲ, ಬಾಯಿ ಮುಚ್ಚಿಯೇ ಇತ್ತು. ಆದರೆ ಸಾಲು ಪೂರ್ತಿ ಬಂತು, ಒಂದು ಸ್ವರ ಆಚೀಚೆ ಇಲ್ಲದೆ. ಹುಡುಗಿಯರು ಆ ದನಿ ಹಿಡಿದುಕೊಂಡು ದಾರಿಗೆ ಬಂದರು. ಎಂದಿನಂತಾಗಿದ್ದರೆ ನಾನು ಹೊರಗೆ ಹೋಗಿ ಕೈ ಹಿಡಿದು ಎಳೆದು ತರುತ್ತಿದ್ದೆ. ಇವತ್ತು ಹಾಗೆ ಮಾಡಲಿಲ್ಲ. "ಇನ್ನೊಂದ್ಸಲ" ಎಂದು ಮಕ್ಕಳಿಗೆ ಹೇಳಿದೆ. ಹೊರಗೂ ಇನ್ನೊಂದು ಸಲ ಬಂತು.

ಅಕ್ಟೋಬರ್ 14, ಬುಧವಾರ

ಇವತ್ತು ಪ್ರಾಕ್ಟೀಸಿನ ಹೊತ್ತಿಗೆ ಪವಿತ್ರಾ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಬಂದು ಆಲ್ಟೊ ಸಾಲಿನ ತುದಿಯಲ್ಲಿ ನಿಂತಳು. ನಾನು ಹಾರ್ಮೋನಿಯಂನಲ್ಲಿ ಸ ಕೊಟ್ಟೆ. ಹಾಡು ಮುಗಿದ ಮೇಲೆ ಎಲ್ಲರೂ ಹೊರಟಾಗ, "ಅವತ್ತು ಆರನೇ ಕ್ಲಾಸಲ್ಲಿ ನಾನು ಹೇಳಿದ್ದು ತಪ್ಪು ಪವಿತ್ರಾ. ಶ್ರುತಿ ನಂದು ತಪ್ಪಿತ್ತು, ನಿನ್ನ ಗಂಟ್ಲಲ್ಲ" ಎಂದೆ.

"ಹೂಂ ಮೇಡಂ" ಎಂದಳು. "ಇಷ್ಟು ವರ್ಷ ಆಯ್ತಲ್ಲ."

ಕ್ಷಮಿಸಿದೆ ಅನ್ನಲಿಲ್ಲ. ಅನ್ನಬೇಕೆಂದು ನಾನು ಕೇಳಲೂ ಬಾರದು.

ನವೆಂಬರ್ 11, ಬುಧವಾರ

ಕೊನೆಯ ಸಾಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಮುಕ್ತಾಯದಲ್ಲಿ ರಾಗ ಸ ಕ್ಕೆ ಬರುತ್ತದೆ, ಬೇಸು ಸ ಕ್ಕೆ ಬರುತ್ತದೆ. ಟೆನರ್ ಗಾಂಧಾರಕ್ಕೆ ಇಳಿಯುತ್ತದೆ. ಅದಕ್ಕೆ ಹಿಂದಿನ ಸ್ವರದಲ್ಲಿ ಆಲ್ಟೊ ನಿಷಾದದ ಮೇಲಿದೆ. ನಿಷಾದ ಮೇಲಿನ ಸ ಕ್ಕೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು? ಅದು ಹೋಗದಿದ್ದರೆ ನನಗೆ ಊಟವಾಗಿ ಕೈ ತೊಳೆಯದೆ ಕೂತ ಹಾಗಾಗುತ್ತದೆ. ಹಾಗೆಯೇ ಬರೆದಿದ್ದೆ. ಹಾಡಿಸಿದರೆ ಮುಗಿಯುವ ಜಾಗ ಬೋಳುಬೋಳು.

ಮಾಸ್ಟ್ರು ನೋಡಿದರು. "ಮೂರು ಜನ ಸ ಮೇಲೆ ಕೂತ್ರೆ ಪ ಯ ಮನೆಯಲ್ಲಿ ದೀಪ ಹಚ್ಚುವವರು ಯಾರು? ಮೇಲಿನ ದನಿಯಲ್ಲಿ ನಿಷಾದ ಇದ್ರೆ ಅದು ಸ ಕ್ಕೇ ಹೋಗ್ಬೇಕು, ಎಲ್ರಿಗೂ ಕೇಳ್ತದಲ್ಲ. ಒಳಗಿನ ದನಿಯಲ್ಲಿ ಇದ್ರೆ ಅದು ಪಂಚಮಕ್ಕೆ ಇಳೀಬಹುದು. ಅದಕ್ಕೆ ಆಸೆ ಮೇಲೆ ಹೋಗ್ಲಿಕ್ಕೇ. ಆದ್ರೆ ಅದು ಇಳಿದ್ರೆ ಕೊನೆ ತುಂಬ್ತದೆ."

ಸಂಜೆ ಪವಿತ್ರಾಳಿಗೆ ಆ ಎರಡು ಸ್ವರ ಹೇಳಿಕೊಟ್ಟೆ. ನಿ, ಪ. ಯಾಕೆ ಎಂದು ಕೇಳದೆ ಇಳಿದಳು. ಉಳಿದ ಮೂರು ದನಿ ಅದರ ಸುತ್ತ ಕೂತವು. ನಾನು ಬಹಳ ಹೊತ್ತು ಕೈ ಇಳಿಸಲಿಲ್ಲ, ಮಕ್ಕಳು ಉಸಿರು ಮುಗಿದು ನಿಲ್ಲಿಸಿದರು.

ನವೆಂಬರ್ 25

ಮಂಗಳೂರಿನಿಂದ ಡಾಕ್ಟರ ಕಾಗದ. ದನಿಯ ನರಕ್ಕೆ ಇನ್ನೊಂದು ಚಿಕಿತ್ಸೆ ನೋಡಬಹುದಂತೆ, ಡಿಸೆಂಬರ್ ಹತ್ತಕ್ಕೆ ಬನ್ನಿ ಎಂದಿದ್ದಾರೆ. ಹತ್ತನೇ ತಾರೀಕು ನಾಲ್ಕೂ ಗುಂಪಿನ ಕೊನೆಯ ಪ್ರಾಕ್ಟೀಸು. ಆಮೇಲೆ ಯಾವಾಗಲಾದರೂ ಬರುತ್ತೇನೆ ಎಂದು ಬರೆದು ಹಾಕಿದೆ. ಟೆನರ್ ಹುಡುಗರು ಇನ್ನೂ ಮೂರನೇ ಸಾಲಿನಲ್ಲಿ ಅವಸರ ಮಾಡುತ್ತಾರೆ.

ಡಿಸೆಂಬರ್ 12, ಶನಿವಾರ

ಜೂಬಿಲಿ ಆಯಿತು.

ಮೂವತ್ತೊಂದು ಜನ ನಾಲ್ಕು ಸಾಲಾಗಿ ನಿಂತರು. ಪವಿತ್ರಾ ಸಿಸ್ಟರ್ ಕೊಟ್ಟ ನೀಲಿ ಸೀರೆ ಉಟ್ಟಿದ್ದಳು. ಹಾರ್ಮೋನಿಯಂನಲ್ಲಿ ನಾಲ್ಕು ಮನೆಯ ಸ ಕೊಟ್ಟು ಕೈಯೆತ್ತಿದೆ. ಎರಡನೇ ಚರಣದಲ್ಲಿ ಮುಂದಿನ ಸಾಲಿನ ಹುಡುಗಿ ಅಷ್ಟು ಜನರನ್ನು ಕಂಡು ಅಳುಕಿದಳು, ಅವಳ ಜೊತೆ ಇಡೀ ಸೊಪ್ರಾನೊ ಒಂದು ಸಾಲು ಕುಸಿಯಿತು. ಕೆಳಗಿನ ಮೂರು ದನಿ ನಿಲ್ಲಲಿಲ್ಲ. ರಾಗವಿಲ್ಲದೆಯೂ ಹಾಡು ಒಂದು ಸಾಲಿನುದ್ದ ತಾನೇ ನಡೆಯಿತು. ಮುಂದಿನ ಸಾಲಿಗೆ ಹುಡುಗಿಯರು ಹಿಂದಿರುಗಿ ಬಂದು ಸೇರಿಕೊಂಡರು. ಕೇಳಲು ಬಂದ ಅತಿಥಿಗಳಲ್ಲಿ ಯಾರಿಗೂ ತಪ್ಪು ಗೊತ್ತಾಗಲಿಲ್ಲವಂತೆ.

ಲೋಬೊ ಮಾಸ್ಟ್ರು ಚಪ್ಪಲಿ ಬಿಟ್ಟು ಸ್ಟೇಜಿನ ಹಲಗೆಯ ಅಂಚಿಗೆ ಕಾಲು ತಾಗಿಸಿ ಕೂತಿದ್ದರು. "ಬೇಸು ಕಾಲಿಗೆ ಬಂತು ಟೀಚರೇ" ಎಂದರು. "ಉಳಿದ ಮೂರು ನನ್ನ ತಲೆಯಲ್ಲಿ ಉಂಟು." ಕಣ್ಣೀರು ಒರೆಸಿಕೊಳ್ಳಲೂ ಇಲ್ಲ, ಹಾಗೇ ಬಿಟ್ಟರು.

ಯಜಮಾನರು ಮನೆಗೆ ಬರುವ ದಾರಿಯಲ್ಲಿ ಬೇಸಿನ ಗೆರೆಯನ್ನು ಗುನುಗುತ್ತ ಜೀಪು ಓಡಿಸಿದರು. ಎರಡು ಕಡೆ ತಪ್ಪು ಹಾಡಿದರು. ನಾನು ತಿದ್ದಲಿಲ್ಲ.

ಡಿಸೆಂಬರ್ 21, ಸೋಮವಾರ

ಸಿಸ್ಟರ್ ಕರೆಸಿದ್ದರು. ಮ್ಯಾನೇಜ್‌ಮೆಂಟು ನಿರ್ಧಾರ ಮಾಡಿದೆ. ಜೂನ್‌ನಿಂದ ಮೇಘಶ್ರೀ ಸಂಗೀತದ ಟೀಚರ್, ಕ್ಲಾಸುಗಳೆಲ್ಲ ಅವರಿಗೆ. "ಆದ್ರೆ ನಿಮ್ಮನ್ನ ಕಳಿಸ್ಬೇಡಿ ಅಂದಿದಾರೆ. ಜೂಬಿಲಿ ಹಾಡು ಕೇಳಿ ಬಹಳ ಸಂತೋಷ ಆಗಿದೆ. ನಾಲ್ಕು ದನಿಯ ಗುಂಪು, ಕ್ವಾಯರ್, ನೀವು ನೋಡ್ಕೊಳ್ಳಿ, ಚೆನ್ನಾಗಿ ಹಾಡೋ ಮಕ್ಕಳನ್ನ ಆರಿಸ್ಕೊಂಡು" ಎಂದರು. ನನಗೆ ನೋವಾಗಬಹುದೆಂದು ಕಾದು ನೋಡುತ್ತಿದ್ದರು.

"ಆರಿಸಿದವರನ್ನ ಅವ್ರಿಗೇ ಕೊಡಿ ಸಿಸ್ಟರ್. ಆರಿಸ್ದೆ ಉಳಿದವರನ್ನ ನಂಗೆ ಕೊಡಿ" ಎಂದೆ.

"ಯೋಚನೆ ಮಾಡಿ ಹೇಳಿ ಟೀಚರ್, ಅದು ಕೆಳಗಿನ ಕೆಲಸ."

ಯೋಚಿಸುವುದೇನಿರಲಿಲ್ಲ. ಬರುವಾಗ ಬಣಕಲ್ ಪೇಟೆಯಲ್ಲಿ ಇಳಿದು ಇನ್ನೊಂದು ನಾಲ್ಕು ಗೆರೆಯ ಪುಸ್ತಕ ಕೊಂಡೆ.

ಜನವರಿ 18, 1999, ಸೋಮವಾರ

ಸಿಸ್ಟರ್ ಜೂನ್ ತನಕ ಕಾಯಿಸಲಿಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ನನಗೆ ಕೊಟ್ಟಿದ್ದಾರೆ.

ಇವತ್ತು ಮೊದಲ ದಿನ. ಯಾರೂ ಬಂದಿರಲಿಲ್ಲ. ಆಮೇಲೆ ಪವಿತ್ರಾ ಬಾಗಿಲಿಗೆ ಬಂದಳು, ಮಗಳ ಕೈ ಹಿಡಿದುಕೊಂಡು. ಧನ್ಯಾ, ಮೂರನೇ ಕ್ಲಾಸು, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ.

"ಇವ್ಳಿಗೂ ನಂದೇ ಗಂಟ್ಲು ಮೇಡಂ" ಎಂದಳು. ಆಮೇಲೆ ಹೋಗಲಿಲ್ಲ. ಪೊರಕೆ ಹಿಡಿದುಕೊಂಡು ಬಾಗಿಲಿಗೆ ಒರಗಿ, ನಾನು ಏನು ಮಾಡುತ್ತೇನೆಂದು ನೋಡುತ್ತ ನಿಂತಳು. ನಿಲ್ಲುವ ಹಕ್ಕು ಅವಳಿಗಿತ್ತು.

ಹಾರ್ಮೋನಿಯಂ ತೆಗೆಯಲಿಲ್ಲ. ಮಗುವನ್ನು ಹತ್ತಿರ ಕೂರಿಸಿಕೊಂಡು, "ನಿಂಗೆ ಸುಲಭ ಆಗೋ ಕಡೆ ನೀನೇ ಒಂದು ಸ ಹೇಳು. ನಾನು ನಿನ್ನ ಹಿಂದೆ ಬರ್ತೀನಿ" ಎಂದೆ. ಮಗು ಅಮ್ಮನನ್ನು ನೋಡಿತು. ಆಮೇಲೆ ನನ್ನನ್ನು ನೋಡಿ ಬಾಯಿ ತೆರೆದು ಸ ಅಂದಿತು. ತಗ್ಗಿಗೆ, ದಪ್ಪಗೆ, ನೆಟ್ಟಗೆ.

ನನ್ನ ಒಡಕು ದನಿಯಲ್ಲಿ ಅದೇ ಸ ಅಂದೆ. ಆರು ತಿಂಗಳಲ್ಲಿ ಮೊದಲ ಸಲ ಗಂಟಲು ಎಲ್ಲೂ ಕಟ್ಟಲಿಲ್ಲ. ಇಬ್ಬರೂ ರಿ ಗೆ ಹೋದೆವು, ಗ ಕ್ಕೆ ಹೋದೆವು. ಮಗುವಿಗೆ ನಗು ಬಂತು, ಟೀಚರ ದನಿ ತನ್ನ ದನಿಯ ಹಾಗೆಯೇ ಇದೆಯಲ್ಲ ಎಂದಿರಬೇಕು. ನಗುತ್ತಲೇ ಹಾಡಿತು, ಸ್ವರ ಬಿಡಲಿಲ್ಲ.

ಮತ್ತೆ ತಲೆಯೆತ್ತಿ ನೋಡಿದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ. ವರಾಂಡದ ಆ ಕೊನೆಯಿಂದ ಗುಡಿಸುವ ಸದ್ದು ಬರುತ್ತಿತ್ತು. ಮಗುವನ್ನು ನನ್ನ ಹತ್ತಿರ ಬಿಟ್ಟು ಹೋಗಿದ್ದಳು.